ಮೊಟ್ಟೆ ತಿನ್ನುವ ಕೋಳಿಯ ಚಟ ಬಿಡಿಸಿದ ಬಗೆ

ಗೂಡಿನಲ್ಲಿ ಒಡೆದ ಚಿಪ್ಪು, ಹುಲ್ಲಿಗೆ ಅಂಟಿದ ಹಳದಿ. ಹೆಗ್ಗಣ ಇರಬೇಕು ಅಂದುಕೊಂಡಿದ್ದೆ. ಒಂದು ಕೋಳಿಯ ಕೊಕ್ಕಿನ ಮೇಲೆ ಹಳದಿ ಒಣಗಿದ್ದು ಕಂಡಾಗ ಕಳ್ಳಿ ಸಿಕ್ಕಿಬಿದ್ದಳು.

ಚಟಕ್ಕಿಂತ ಮೊದಲು ಚಿಪ್ಪನ್ನು ನೋಡಬೇಕು. ನಮ್ಮಲ್ಲಿ ಅದು ತೀರಾ ತೆಳು, ಕೋಳಿ ಕೂತರೇ ಒಡೆಯುವಷ್ಟು. ಒಮ್ಮೆ ರುಚಿ ಹತ್ತಿದರೆ ತಾನಾಗಿಯೇ ಕುಕ್ಕಲು ಶುರುಮಾಡುತ್ತದೆ. ಚಿಪ್ಪಿನ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಮೊಟ್ಟೆಯಿಡುವ ಕೋಳಿಯ ಆಹಾರದಲ್ಲಿ ಸುಮಾರು ಶೇ. 3.5ರಿಂದ 4ರಷ್ಟು ಕ್ಯಾಲ್ಸಿಯಂ ಇರಬೇಕು. ಕಾಳು, ಅಡುಗೆಮನೆಯ ಉಳಿಕೆ ಜಾಸ್ತಿಯಾದಷ್ಟೂ ಅದು ಇಳಿಯುತ್ತದೆ. ಹಾಗಾಗಿ ಕಾಳನ್ನು ಸಂಜೆಯ ಒಂದು ಹಿಡಿಗೆ ಇಳಿಸಿ, ಲೇಯರ್ ಫೀಡನ್ನೇ (ಮೊಟ್ಟೆಯಿಡುವ ಕೋಳಿಗೆಂದೇ ತಯಾರಿಸಿದ ಆಹಾರ) ಮುಖ್ಯ ಮಾಡಿದೆ. ಕಪ್ಪೆಚಿಪ್ಪಿನ ಚೂರು ಬೇರೆ ಬಟ್ಟಲಲ್ಲಿ. ಫೀಡಿಗೆ ಬೆರೆಸುವುದು ಬೇಡ, ಬೇಕಾದವು ಬೇಕಾದಷ್ಟು ತಿನ್ನುತ್ತವೆ. ಚಿಪ್ಪು ಹೆಚ್ಚಾಗಿ ರಾತ್ರಿ ಕಟ್ಟುವುದರಿಂದ ಸಂಜೆ ಆ ಬಟ್ಟಲು ಖಾಲಿ ಬೀಳದಂತೆ ನೋಡಿಕೊಂಡೆ.

ಗೂಡಿಗೆ ದಪ್ಪ ಹುಲ್ಲು, ಬಾಗಿಲಿಗೆ ಗೋಣಿಯ ಪರದೆ, ಒಳಗೊಂದು ಮರದ ಮೊಟ್ಟೆ (ಕುಕ್ಕಿ ಕುಕ್ಕಿ ಬೇಸರವಾಗಲಿ ಅಂತ). ಆದರೂ ಎಲ್ಲಕ್ಕಿಂತ ಫಲ ಕೊಟ್ಟದ್ದು ಮೊಟ್ಟೆಯಿಟ್ಟ ಕೂಡಲೇ ಎತ್ತಿಬಿಡುವುದು. ಕೊಕ್ಕು ಕತ್ತರಿಸು ಎಂದವರೂ ಇದ್ದರು, ನನಗದು ಒಪ್ಪಿಗೆಯಾಗಲಿಲ್ಲ.

ಒಡೆಯುವುದು ನಿಂತಿದೆ. ಗೋಣಿಯನ್ನು ಮಾತ್ರ ಆಗಾಗ ಒಗೆದು ಬಿಸಿಲಿಗೆ ಹಾಕಬೇಕು, ಇಲ್ಲದಿದ್ದರೆ ಅದರ ಮಡಿಕೆಗಳಲ್ಲಿ ಕೋಳಿಯ ರಕ್ತ ಹೀರುವ ಕೆಂಪು ನುಸಿ ಸೇರಿಕೊಳ್ಳುತ್ತದೆ.