ದಿನಕ್ಕೊಂದು ಕೀರ್ತನೆ: ನನ್ನ ಅನುಭವ

ಧ್ಯಾನಕೂಟಗಳಿಗೆ ನಾನು ತುಂಬಾ ಹೋಗಿದ್ದೇನೆ. ಮೂರು ದಿನ ಹಾಡು, ಆರಾಧನೆ, ಕಣ್ಣೀರು. ಮನೆಗೆ ಬರುವಾಗ ಎದೆ ತುಂಬಿರುತ್ತಿತ್ತು. ಎಂಟು ದಿನ ಕಳೆಯುವಷ್ಟರಲ್ಲಿ ಮತ್ತೆ ಖಾಲಿ. ಆ ಆನಂದ ಸುಳ್ಳು ಅಂತ ನಾನು ಹೇಳುವುದಿಲ್ಲ. ಅದು ಉಳಿಯಲು ದಿನದ ರೂಢಿಯೊಂದು ಬೇಕಿತ್ತು, ಅದು ನನಗಿರಲಿಲ್ಲ.

2019ರ ಜೂನ್ ಕೊನೆಯಲ್ಲಿ ಶುರು ಮಾಡಿದೆ. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಬೈಬಲಿನ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ. ಒಟ್ಟು 150 ಇವೆ, ಐದು ತಿಂಗಳಿಗೆ ಒಂದು ಸುತ್ತು. 117ನೆಯದರಲ್ಲಿ ಎರಡೇ ವಚನ. 119ನೆಯದರಲ್ಲಿ 176, ಅದನ್ನು ಮಾತ್ರ ಸ್ವಲ್ಪಸ್ವಲ್ಪವೇ ಓದುತ್ತೇನೆ. ಗಟ್ಟಿಯಾಗಿ ಓದಬೇಕು. ಕಣ್ಣಲ್ಲೇ ಓದಿದರೆ ನನ್ನ ಮನಸ್ಸು ಹಾಲಿನ ಕಡೆ, ಮಕ್ಕಳ ಬಸ್ಸಿನ ಕಡೆ ಓಡುತ್ತದೆ.

ಆಗಸ್ಟ್‌ನಲ್ಲಿ ಮಳೆ ಹಿಡಿದದ್ದು ಬಿಡಲೇ ಇಲ್ಲ. ಮೂಡಿಗೆರೆ ಕಡೆ ಗುಡ್ಡಗಳು ಜಾರಿದವು. ನಮ್ಮ ಅರ್ಧ ಎಕರೆ ಕಾಫಿಯೂ ನೆರಳಿನ ಮರಗಳ ಸಮೇತ ಒಂದೇ ರಾತ್ರಿಯಲ್ಲಿ ಹಳ್ಳಕ್ಕೆ ಹೋಯಿತು. ಜೀವಕ್ಕೇನೂ ಆಗಲಿಲ್ಲ. ಕರೆಂಟಿರಲಿಲ್ಲ. ಬೆಳಿಗ್ಗೆ ಮೇಣದಬತ್ತಿ ಹಚ್ಚಿ ಬೈಬಲ್ ತೆರೆದರೆ ಆ ದಿನದ್ದು 46ನೇ ಕೀರ್ತನೆ. ಬೆಟ್ಟಗಳು ಕದಲಿ ಸಮುದ್ರಕ್ಕೆ ಬಿದ್ದರೂ ನಮಗೆ ಭಯವಿಲ್ಲ ಅನ್ನುತ್ತದೆ ಅದು. ನನಗೆ ಭಯವಿತ್ತು. ಸಿಟ್ಟೂ ಬಂತು. ಬೈಬಲ್ ಮುಚ್ಚಿಟ್ಟೆ.

ಸಂಜೆ ಮನೆಯವರೆಲ್ಲ ಮಣಿ ಎಣಿಸುತ್ತಾ ಹೇಳುವ ಜಪಸರ ಪ್ರಾರ್ಥನೆಗೆ ಕೂತಾಗ ಬಾಯಿಂದ ಮಾತೇ ಬರಲಿಲ್ಲ. ಅತ್ತೆ ನೋಡಿದರು. “ಆಗ್ದಿದ್ರೆ ಬಿಡು ಮಗ, ಸುಮ್ನೆ ನಮ್ ಜೊತೆ ಕೂತ್ಕೋ. ನಿನ್ ಪಾಲಿಂದೂ ನಾವೇ ಹೇಳ್ತೀವಿ” ಅಂದರು. ಮರಿಯಮ್ಮನವರಿಗೆ ಹೇಳುವ ‘ನಮೋ ಮರಿಯಾ’ ಪ್ರಾರ್ಥನೆಯನ್ನು ಐವತ್ತು ಸಲ ಅವರೇ ಹೇಳಿ ಮುಗಿಸಿದರು. ಅಲ್ಲಿಯವರೆಗೆ ನಂಬಿಕೆ ಅಂದರೆ ನನ್ನೊಬ್ಬಳ ಎದೆಯೊಳಗಿನ ಸಂಗತಿ ಅಂದುಕೊಂಡಿದ್ದೆ. ಆ ದಿನ ಅತ್ತೆಯ ನಂಬಿಕೆಗೆ ಒರಗಿ ಕೂತೆ. ಧರ್ಮಸಭೆ, ಅಂದರೆ ನಂಬಿದವರೆಲ್ಲರ ಕೂಟ, ಇರುವುದೂ ಇದಕ್ಕೇ ಅಲ್ವಾ?

ಮಾರನೆಯ ದಿನ 13ನೇ ಕೀರ್ತನೆಗೆ ಹಿಂದೆ ಹೋದೆ. ದೇವರೇ, ಇನ್ನೆಷ್ಟು ದಿನ ಅಂತ ಮೊದಲ ಎರಡು ವಚನದಲ್ಲೇ ನಾಲ್ಕು ಸಲ ಕೇಳುತ್ತದೆ. ವಾರವಿಡೀ ಅದನ್ನೇ ಓದಿದೆ. ಮುಂದೆ ಸಿಕ್ಕ 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ಇಷ್ಟು ಅಳುವುದೂ ಪ್ರಾರ್ಥನೆಯೇ ಅಂತ ತಿಳಿದಾಗ ದೇವರ ಮುಂದೆ ಖುಷಿಯಾಗಿರುವ ಹಾಗೆ ತೋರಿಸಿಕೊಳ್ಳುವುದನ್ನು ಬಿಟ್ಟೆ. ರಸ್ತೆ ಸರಿಯಾದ ಮೇಲೆ ಚಿಕ್ಕಮಗಳೂರಿಗೆ ಹೋಗಿ ಗುರುಗಳ ಮುಂದೆ ತಪ್ಪೊಪ್ಪಿಕೊಂಡು ಪಾಪನಿವೇದನೆ ಮಾಡಿದೆ. ಆ ಸಿಟ್ಟನ್ನೂ ಹೇಳಿಕೊಂಡೆ.

ಜನವರಿಯಲ್ಲಿ, ರೋಬಸ್ಟಾ ಕಾಫಿ ಕುಯ್ಲಿನ ಹೊತ್ತಿಗೆ, 46 ಮತ್ತೆ ಬಂತು. ಜಾರಿದ ಜಾಗ ಇನ್ನೂ ಬರೀ ಕೆಂಪು ಮಣ್ಣು. ಸಾಲ ಹಾಗೇ ಇತ್ತು. ಈ ಸಲ ಮೊದಲ ವಚನದಲ್ಲೇ ನಿಂತೆ. ದೇವರು ನಮಗೆ ಆಶ್ರಯ ಅಂತ ಮೊದಲು ಹೇಳಿ, ಆಮೇಲೆ ಭಯವಿಲ್ಲ ಅನ್ನುತ್ತದೆ. ಧೈರ್ಯವನ್ನು ನಾನೇ ಎಲ್ಲಿಂದಲೋ ತರಬೇಕಿರಲಿಲ್ಲ. ಅಲ್ಲಿರುವುದು ‘ನನಗೆ’ ಅಲ್ಲ, ‘ನಮಗೆ’. ಜಪಸರದ ಆ ಸಂಜೆ ನೆನಪಾಯಿತು. ತುಂಬಾ ಹೊತ್ತು ಎದ್ದೇಳಲಿಲ್ಲ.

ಆಮೇಲೆ ಎಷ್ಟೋ ಸುತ್ತು ಮುಗಿದಿವೆ. ಏನೂ ಅನ್ನಿಸದ ಬೆಳಿಗ್ಗೆಗಳು ಈಗಲೂ ಜಾಸ್ತಿಯೇ. ಆದರೆ ಆ ಹಳೆಯ ಖಾಲಿತನ ಇಲ್ಲ. ಅತ್ತೆಗೆ ಈಗ ಕಣ್ಣು ಮಂಜು. ಬೆಳಿಗ್ಗೆ ಅಡುಗೆಮನೆಗೆ ಬಂದು ಮಣೆ ಹಾಕಿಕೊಂಡು ಕೂರುತ್ತಾರೆ. ಅವರ ಪಾಲಿಂದೂ ನಾನೇ ಓದುತ್ತೇನೆ.