ಸ್ನಾಯು ಮತ್ತು ಮೂಳೆಯ ಹೈಡಾಟಿಡ್ ಸಿಸ್ಟ್: ಸೂಜಿ ಹಾಕುವ ಮೊದಲು ತಿಳಿಯಬೇಕಾದದ್ದು

ತೊಡೆಯ ಅಥವಾ ಬೆನ್ನಿನ ಸ್ನಾಯುವಿನಲ್ಲಿ ನೋವಿಲ್ಲದ ಗಂಟೊಂದು ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತಿದ್ದರೆ, ಅದನ್ನು ಬರೀ ಕೊಬ್ಬಿನ ಗಡ್ಡೆಯೆಂದು ತೀರ್ಮಾನಿಸಬೇಡಿ. ನಾಯಿಯ ಕರುಳಿನಲ್ಲಿ ವಾಸಿಸುವ ಎಕಿನೊಕಾಕಸ್ ಎಂಬ ಲಾಡಿಹುಳುವಿನ ಮೊಟ್ಟೆಗಳು ಮಲದೊಂದಿಗೆ ಹೊರಬಿದ್ದು, ಕೈ, ನೀರು ಅಥವಾ ಆಹಾರದ ಮೂಲಕ ಮನುಷ್ಯನ ಹೊಟ್ಟೆ ಸೇರುತ್ತವೆ. ಅವುಗಳಿಂದ ಹೊರಬಂದ ಮರಿಗಳು ಹೆಚ್ಚಾಗಿ ಯಕೃತ್ತಿನಲ್ಲೋ ಶ್ವಾಸಕೋಶದಲ್ಲೋ ನೆಲೆಸುತ್ತವೆ. ಅಪರೂಪಕ್ಕೆ ರಕ್ತದೊಡನೆ ಸಾಗಿ ಸ್ನಾಯು, ಮೂಳೆಗಳಲ್ಲಿ ನೀರುಗುಳ್ಳೆ ಕಟ್ಟುತ್ತವೆ. ಈ ನೀರುಗುಳ್ಳೆಯೇ ಹೈಡಾಟಿಡ್ ಸಿಸ್ಟ್.

ಇಂಥ ಸಂಶಯವಿದ್ದಾಗ ಸ್ಕ್ಯಾನ್ ಆಗುವವರೆಗೆ ಗಂಟಿಗೆ ಸೂಜಿ ಚುಚ್ಚಿಸಬಾರದು. ಒಳಗಿನ ದ್ರವ ಸೋರಿದರೆ ಪ್ರಾಣಕ್ಕೇ ಕುತ್ತು ತರುವ ತೀವ್ರ ಅಲರ್ಜಿ ಉಂಟಾಗಬಹುದು, ಅದರಲ್ಲಿರುವ ಮರಿಗಳು ಸುತ್ತಲೂ ಹರಡಿ ಹೊಸ ಗುಳ್ಳೆಗಳಾಗಬಹುದು. ನಾಯಿ, ಕುರಿಗಳ ಒಡನಾಟ ಎಷ್ಟೇ ಹಳೆಯದಾಗಿದ್ದರೂ ವೈದ್ಯರಿಗೆ ಹೇಳಿ. ಗಂಟಿಗೆ ಅಲ್ಟ್ರಾಸೌಂಡ್ ಮತ್ತು ಎಂಆರ್‌ಐ ಮಾಡಿಸುವುದರ ಜೊತೆಗೆ ಯಕೃತ್ತು, ಶ್ವಾಸಕೋಶಗಳನ್ನೂ ಪರೀಕ್ಷಿಸಬೇಕು. ರಕ್ತದ ಪ್ರತಿಕಾಯ ಪರೀಕ್ಷೆ ನೆಗೆಟಿವ್ ಬಂದರೂ ರೋಗವಿಲ್ಲವೆಂದು ನಂಬುವಂತಿಲ್ಲ.

ಮೂಳೆಯ ಸಿಸ್ಟ್ ಇನ್ನೂ ಕಠಿಣವಾದದ್ದು. ಯಕೃತ್ತಿನಲ್ಲಿ ಗುಳ್ಳೆಯ ಸುತ್ತ ದೇಹವೇ ಗಟ್ಟಿ ಹೊದಿಕೆಯನ್ನು ಕಟ್ಟುತ್ತದೆ. ಮೂಳೆಯಲ್ಲಿ ಅದು ಏರ್ಪಡದ ಕಾರಣ ಸಣ್ಣ ಸಣ್ಣ ಗುಳ್ಳೆಗಳು ಮೂಳೆಯ ಒಳರಂಧ್ರಗಳಲ್ಲಿ ನುಸುಳುತ್ತಾ, ಗೆದ್ದಲು ಮರವನ್ನು ತಿನ್ನುವಂತೆ ಸದ್ದಿಲ್ಲದೆ ಅದನ್ನು ಟೊಳ್ಳಾಗಿಸುತ್ತವೆ. ಬೆನ್ನುಮೂಳೆಯೇ ಹೆಚ್ಚಾಗಿ ತುತ್ತಾಗುತ್ತದೆ, ಅನಂತರ ಸೊಂಟದ ಮೂಳೆ. ಎಕ್ಸ್‌ರೇಯಲ್ಲಿ ಇದು ಕ್ಷಯದಂತೆಯೋ ಕ್ಯಾನ್ಸರ್‌ನಂತೆಯೋ ಕಾಣಬಹುದಾದ್ದರಿಂದ, ಸಂಶಯವನ್ನು ಬಾಯಿಬಿಟ್ಟು ಹೇಳುವುದು ರೋಗಿಯ ಹಕ್ಕೂ ಹೌದು, ಅಗತ್ಯವೂ ಹೌದು. ಸಣ್ಣ ಪೆಟ್ಟಿಗೇ ಮೂಳೆ ಮುರಿದರೆ ಎಚ್ಚರವಹಿಸಿ. ಬೆನ್ನುನೋವಿನೊಡನೆ ಕಾಲು ಸೋತರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಚಿಕಿತ್ಸೆಯಲ್ಲಿ ಸಿಸ್ಟನ್ನು ಒಡೆಯದೆ, ಸುತ್ತಲಿನ ಆರೋಗ್ಯಕರ ಅಂಗಾಂಶದ ಅಂಚಿನೊಂದಿಗೆ ಇಡಿಯಾಗಿ ತೆಗೆಯುವುದೇ ಗುರಿ. ಬೆನ್ನುಮೂಳೆಯಲ್ಲಿ ಇದು ಎಲ್ಲ ಸಲವೂ ಸಾಧ್ಯವಾಗುವುದಿಲ್ಲ. ಶಸ್ತ್ರಚಿಕಿತ್ಸೆಯ ಮೊದಲು ಮತ್ತು ನಂತರ ಆಲ್ಬೆಂಡಜೋಲ್ ಎಂಬ ಹುಳುನಾಶಕ ಔಷಧ ಕೊಡುತ್ತಾರೆ. ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ ಎಂಬ ಪ್ರಮಾಣವನ್ನು ವೈದ್ಯರು ಎರಡು ಹೊತ್ತಿಗೆ ಹಂಚುತ್ತಾರೆ. ಕೊಬ್ಬಿನಂಶವಿರುವ ಊಟದೊಡನೆ ನುಂಗಿದರೆ ಔಷಧ ಚೆನ್ನಾಗಿ ಹೀರಲ್ಪಡುತ್ತದೆ. ಯಕೃತ್ತಿನ ಪರೀಕ್ಷೆಯನ್ನೂ ರಕ್ತಕಣಗಳ ಎಣಿಕೆಯನ್ನೂ ಆಗಾಗ ಮಾಡಿಸುತ್ತಿರಬೇಕು. ಗರ್ಭಿಣಿಯರು ಮೊದಲೇ ತಿಳಿಸಬೇಕು.

ಗಾಯ ಮಾಯಿತೆಂದು ತಪಾಸಣೆಯನ್ನು ನಿಲ್ಲಿಸಬೇಡಿ: ಮೂಳೆಯ ಸಿಸ್ಟ್ ಹಲವು ವರ್ಷಗಳ ನಂತರವೂ ಮರುಕಳಿಸುವುದರಿಂದ ವೈದ್ಯರು ಹೇಳಿದಷ್ಟು ಕಾಲ ಸ್ಕ್ಯಾನ್ ಮಾಡಿಸುತ್ತಿರಿ. ಮನೆಯ ನಾಯಿಗೆ ಪಶುವೈದ್ಯರ ಸಲಹೆಯಂತೆ ಲಾಡಿಹುಳುವಿನ ಔಷಧವಾದ ಪ್ರಾಜಿಕ್ವಾಂಟೆಲ್ ಕೊಡಿಸಿ, ಕುರಿಯ ಹಸಿ ಯಕೃತ್ತು, ಶ್ವಾಸಕೋಶಗಳನ್ನು ಅದಕ್ಕೆ ಹಾಕಬೇಡಿ.