ಬೆಲೆ, ಸದ್ದು, ಬಾಳಿಕೆ: ನಾನು ಹಾರ್ಡ್ ಡಿಸ್ಕ್ ಆರಿಸಿದ ಬಗೆ

ನನ್ನ ಕೆಲಸ ದನಿಯದ್ದು. ಕತೆ, ಪಾಠ, ಸಂದರ್ಶನ ಅಂತ ಜನರ ಮಾತನ್ನು ರೆಕಾರ್ಡ್ ಮಾಡಿ, ಬೇಡದ್ದನ್ನು ಕತ್ತರಿಸಿ, ಕೇಳುವ ಹಾಗೆ ಮಾಡಿ ಕೊಡುತ್ತೇನೆ. ಹಾಗಾಗಿ ಹಾರ್ಡ್ ಡಿಸ್ಕ್ ಜೊತೆ ನನ್ನ ಸಂಬಂಧ ಸ್ವಲ್ಪ ವಿಚಿತ್ರ. ಅದಿಲ್ಲದೆ ಕೆಲಸ ನಡೆಯುವುದಿಲ್ಲ. ಪಕ್ಕದಲ್ಲೇ ಇದ್ದರೆ ಅದರ ಗುಂಯ್ ಅನ್ನುವ ಸದ್ದು ಮೈಕಿಗೆ ಹೋಗುತ್ತದೆ. ತಿರುಗುವ ಭಾಗವೇ ಇಲ್ಲದ, ಸದ್ದು ಮಾಡದ ಎಸ್‌ಎಸ್‌ಡಿ ಹಾಕಿಕೊಳ್ಳಬಹುದಲ್ವಾ ಅಂತ ಕೇಳುತ್ತೀರಿ. ಹಾಕಿಕೊಂಡಿದ್ದೇನೆ, ನಡೆಯುತ್ತಿರುವ ಕೆಲಸವೆಲ್ಲ ಅದರಲ್ಲೇ. ಆದರೆ ಮುಗಿದ ಕೆಲಸದ ಮೂಲ ಫೈಲುಗಳನ್ನು ಟೆರಾಬೈಟ್‌ಗಟ್ಟಲೆ ಇಟ್ಟುಕೊಳ್ಳಬೇಕು ಅಂದರೆ ತಿರುಗುವ ಡಿಸ್ಕೇ ಅಗ್ಗ.

ಮೂರು ವರ್ಷದ ಹಿಂದೆ ಒಂದು ಡಿಸ್ಕ್ ಕೈಕೊಟ್ಟಿತು. ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದೆ. ಟಕ್, ಟಕ್, ಟಕ್. ಸ್ವಲ್ಪ ಹೊತ್ತು ಸುಮ್ಮನೆ. ಮತ್ತೆ ಟಕ್. ಡಿಸ್ಕಿನ ಮೇಲೆ ಓಡಾಡಿ ಓದುವ, ಬರೆಯುವ ಹೆಡ್ ತನ್ನ ದಾರಿ ಹುಡುಕಲು ಹೋಗಿ, ಸಿಗದೆ ವಾಪಸ್ ಬಂದು, ಮತ್ತೆ ಹೋಗುವ ಸದ್ದು ಅದು. ಒಮ್ಮೆ ಕೇಳಿದವರು ಮರೆಯುವುದಿಲ್ಲ. ಬ್ಯಾಕಪ್ ಇತ್ತು, ಆದರೆ ಹನ್ನೊಂದು ದಿನ ಹಳೆಯದು. ಆ ಹನ್ನೊಂದು ದಿನದಲ್ಲಿ ಎರಡು ದೊಡ್ಡ ಸಂದರ್ಶನ ಹೋಯಿತು. ಮಾತಾಡಿದವರನ್ನು ಮತ್ತೆ ಕೂರಿಸಿ ಅದನ್ನೇ ಹೇಳಿಸುವ ಹೊತ್ತಿಗೆ ನನಗೂ ಅವರಿಗೂ ಸಾಕುಸಾಕಾಯಿತು.

ಆ ಸಿಟ್ಟಿನಲ್ಲಿ, ಇನ್ನು ಜನ್ಮದಲ್ಲಿ ಆ ಕಂಪನಿಯ ಡಿಸ್ಕ್ ತಗೊಳ್ಳುವುದಿಲ್ಲ ಅಂತ ತೀರ್ಮಾನಿಸಿದೆ. ಗೆಳೆಯನಿಗೆ ಫೋನ್ ಮಾಡಿ ಹೇಳಿದರೆ ಅವನು ನಕ್ಕ. "ನನ್ನದೂ ಅದೇ ಕಂಪನಿದು ಕಣೋ. ಆರು ವರ್ಷದಿಂದ ಓಡ್ತಾನೇ ಇದೆ. ನಿನ್ನ ಹಾಗೇ ನಾನೂ ಒಂದು ಕಂಪನಿ ಬಿಟ್ಟಿದ್ದೀನಿ." ಅವನು ಬಿಟ್ಟ ಕಂಪನಿ ಯಾವುದು ಅಂತ ಕೇಳಿದೆ. ನಾನು ತಗೋಬೇಕು ಅಂತಿದ್ದದ್ದೇ ಅದು!

ಹಾಗಾಗಿ ಸರಿಯಾಗಿ ಕೂತು ಹೋಲಿಸಲು ಹೊರಟೆ. ಹಾಳೆಯ ಮೇಲೆ ಗೊತ್ತಿರುವ ಕಂಪನಿಗಳ ಹೆಸರು ಬರೆದೆ. ಏಳೆಂಟು ಆಯಿತು. ಒಂದೊಂದನ್ನೇ ಹುಡುಕುತ್ತಾ ಹೋದ ಹಾಗೆ ಪಟ್ಟಿ ಕರಗಿತು. ಮ್ಯಾಕ್ಸ್‌ಟರ್ 2006ರಲ್ಲೇ ಸೀಗೇಟ್ ಪಾಲಾಗಿತ್ತು. ಸ್ಯಾಮ್‌ಸಂಗ್‌ನ ಹಾರ್ಡ್ ಡಿಸ್ಕ್ ವ್ಯಾಪಾರವನ್ನು 2011ರಲ್ಲಿ ಅದೇ ಸೀಗೇಟ್ ಕೊಂಡಿತು. ಫುಜಿತ್ಸು ಡಿಸ್ಕ್‌ಗಳು 2009ರಲ್ಲಿ ತೋಷಿಬಾಕ್ಕೆ ಹೋದವು. ಐಬಿಎಂನದು ಹಿಟಾಚಿಗೆ, ಹಿಟಾಚಿಯದು 2012ರಲ್ಲಿ ವೆಸ್ಟರ್ನ್ ಡಿಜಿಟಲ್‌ಗೆ. ಕೊನೆಗೆ ಉಳಿದಿದ್ದು ಮೂರೇ: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ. ಹೊರಗಿಡುವ ಪೆಟ್ಟಿಗೆಯ ಮೇಲೆ ಬೇರೆ ಏನೇ ಹೆಸರಿರಲಿ, ಬಿಚ್ಚಿ ನೋಡಿದರೆ ಒಳಗೆ ಈ ಮೂವರಲ್ಲಿ ಒಬ್ಬರದ್ದು.

ಹಾಗಾದರೆ ಮೂರರಲ್ಲಿ ಯಾವುದು ಬಾಳಿಕೆ ಬರುತ್ತದೆ? ಇಲ್ಲೇ ನಾನು ಜಾಸ್ತಿ ದಿನ ಕಳೆದದ್ದು. ನನ್ನ ಬಳಿ ಇರುವ ನಾಲ್ಕೈದು ಡಿಸ್ಕಿನಿಂದ ಏನೂ ಹೇಳಲಾಗದು, ಗೆಳೆಯನ ಎರಡರಿಂದಲೂ ಆಗದು. ಬ್ಯಾಕ್‌ಬ್ಲೇಜ್ ಅನ್ನುವ ಬ್ಯಾಕಪ್ ಕಂಪನಿ ತನ್ನ ಸರ್ವರ್‌ಗಳಲ್ಲಿ ಲಕ್ಷಗಟ್ಟಲೆ ಡಿಸ್ಕ್ ಓಡಿಸುತ್ತದೆ. 2013ರಿಂದ ಅವುಗಳ ಲೆಕ್ಕ ಇಟ್ಟು, ಯಾವ ಮಾಡೆಲ್ ಎಷ್ಟು ಕೆಟ್ಟಿತು ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತದೆ. ಅದನ್ನು ನೋಡಿದಾಗಲೇ ನನ್ನ ಪ್ರಶ್ನೆಯೇ ತಪ್ಪು ಅಂತ ಗೊತ್ತಾಯಿತು. ಸೀಗೇಟ್‌ನ ಒಂದು 3 ಟೆರಾಬೈಟ್ ಮಾಡೆಲ್ ಅವರಲ್ಲಿ ಸಾಲುಸಾಲಾಗಿ ಕೆಟ್ಟಿತ್ತು. ಅದೇ ಸೀಗೇಟ್‌ನ 4 ಟೆರಾಬೈಟ್ ಮಾಡೆಲ್ ಅವರ ಕಪಾಟುಗಳಲ್ಲೇ ಅದಕ್ಕಿಂತ ಎಷ್ಟೋ ಚೆನ್ನಾಗಿ ಓಡಿತು. ಕಂಪನಿ ಒಂದೇ, ಮಾಡೆಲ್ ಬೇರೆ.

ಇನ್ನೂ ಮಜಾ ಡೆಸ್ಕ್‌ಸ್ಟಾರ್‌ನದು. ಐಬಿಎಂ ಕಾಲದಲ್ಲಿ, 2000ದ ಆಸುಪಾಸಿನ 75ಜಿಎಕ್ಸ್‌ಪಿ ಸಾಲಿನ ಡಿಸ್ಕ್‌ಗಳು ಎಷ್ಟು ಕೆಟ್ಟವೆಂದರೆ ಜನ ಅದನ್ನು ‘ಡೆತ್‌ಸ್ಟಾರ್’ ಅಂತಲೇ ಕರೆದರು. ಆ ಹೆಸರೂ ಕಾರ್ಖಾನೆಯೂ ಹಿಟಾಚಿ ಕೈಗೆ ಬಂದ ಮೇಲೆ, ಅದೇ ಡೆಸ್ಕ್‌ಸ್ಟಾರ್ ಹೆಸರಿನ ಮುಂದಿನ ಡಿಸ್ಕ್‌ಗಳು ಬ್ಯಾಕ್‌ಬ್ಲೇಜ್ ಪಟ್ಟಿಯಲ್ಲಿ ಅತಿ ಕಡಿಮೆ ಕೆಟ್ಟವುಗಳ ಸಾಲಿನಲ್ಲಿ ಕೂತವು. ಅಷ್ಟರಲ್ಲಿ ಎಷ್ಟು ಜನ ಆ ಹೆಸರು ಕೇಳಿಯೇ ದೂರ ಸರಿದಿದ್ದರೋ.

ಅಂದಿನಿಂದ ನಾನು ಕಂಪನಿ ಹೆಸರು ನೋಡುವುದಿಲ್ಲ, ಮಾಡೆಲ್ ಸಂಖ್ಯೆ ನೋಡುತ್ತೇನೆ. ಲೇಬಲ್ ಮೇಲೆ ಚಿಕ್ಕದಾಗಿ ಬರೆದಿರುವ ಅಕ್ಷರ, ಅಂಕಿಗಳ ಸಾಲು. ಕೊನೆಯ ಎರಡು ಅಕ್ಷರ ಬದಲಾದರೆ ಒಳಗಿನ ಡಿಸ್ಕೇ ಬೇರೆ ಇರಬಹುದು. ಬ್ಯಾಕ್‌ಬ್ಲೇಜ್ ಲೆಕ್ಕವನ್ನೂ ಪೂರ್ತಿ ಮನೆಗೆ ತರಲು ಆಗುವುದಿಲ್ಲ. ಅಲ್ಲಿ ತಣ್ಣಗಿನ ಕೋಣೆ, ದಿನವಿಡೀ ಓಟ. ನಮ್ಮಲ್ಲಿ ದಿನಕ್ಕೆ ನಾಲ್ಕು ಸಲ ಆನ್, ಆಫ್. ಒಂದು ಮಾಡೆಲ್ಲಿನ ಐವತ್ತು ಅರವತ್ತು ಡಿಸ್ಕ್ ಮಾತ್ರ ಇದ್ದರೆ ಆ ಶೇಕಡಾವಾರನ್ನು ನಾನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಒಂದು ಡಿಸ್ಕ್ ಕೆಟ್ಟರೂ ಅದು ಎಗರಿಬಿಡುತ್ತದೆ.

ಪೆಟ್ಟಿಗೆಯ ಮೇಲೆ ‘10 ಲಕ್ಷ ಗಂಟೆ ಎಂಟಿಬಿಎಫ್’ ಅಂತ, ಅಂದರೆ ಒಂದು ಕೆಡುವಿಕೆಗೂ ಮುಂದಿನದಕ್ಕೂ ನಡುವೆ ಸರಾಸರಿ ಇಷ್ಟು ಗಂಟೆ ಅಂತ ಬರೆದಿರುತ್ತದಲ್ಲ, ಅದರ ಬಗ್ಗೆಯೂ ಒಂದು ಮಾತು. ವರ್ಷಕ್ಕೆ 8,760 ಗಂಟೆ. ಅಂದರೆ 114 ವರ್ಷ ಬಾಳುತ್ತದೆಯೇ? ಇಲ್ಲ. 114 ಡಿಸ್ಕ್‌ಗಳನ್ನು ಒಂದು ವರ್ಷ ಓಡಿಸಿದರೆ ಸುಮಾರು ಒಂದು ಕೆಡಬಹುದು ಅಂತ ಅರ್ಥ. ಶೇಕಡಾ 0.9ರ ಹತ್ತಿರ. ಆ ಒಂದು ನಮ್ಮ ಮನೆಯದ್ದೇ ಆಗಿದ್ದರೆ ನಮ್ಮ ಪಾಲಿಗೆ ಶೇಕಡಾ ನೂರು.

ಬೆಲೆಗೆ ಬರೋಣ. ಮೊದಲು ನಾನು ಟೆರಾಬೈಟಿಗೆ ಎಷ್ಟು ಬೀಳುತ್ತದೆ ಅಂತ ಮಾತ್ರ ನೋಡುತ್ತಿದ್ದೆ. ಈಗ ಅದನ್ನು ವಾರಂಟಿ ವರ್ಷದಿಂದಲೂ ಭಾಗಿಸುತ್ತೇನೆ. ಸುಮ್ನೆ ಲೆಕ್ಕಕ್ಕೆ ಅಂದುಕೊಳ್ಳಿ: 2 ವರ್ಷ ವಾರಂಟಿಯ 4 ಟೆರಾಬೈಟ್ ಡಿಸ್ಕಿಗೆ 100. ಒಂದು ಟೆರಾಬೈಟಿಗೆ ವರ್ಷಕ್ಕೆ 12.5 ಬಿತ್ತು. ಅಷ್ಟೇ ಜಾಗದ, 3 ವರ್ಷ ವಾರಂಟಿಯದಕ್ಕೆ 130. ನೋಡಲು ದುಬಾರಿ, ಆದರೆ ಬೀಳುವುದು 11ಕ್ಕೂ ಕಡಿಮೆ. 5 ವರ್ಷ ವಾರಂಟಿಯ 8 ಟೆರಾಬೈಟಿನದಕ್ಕೆ 240 ಕೊಟ್ಟರೂ ಬೀಳುವುದು 6. ಸಾಮಾನ್ಯವಾಗಿ ಡೆಸ್ಕ್‌ಟಾಪ್ ಡಿಸ್ಕಿಗೆ 2 ವರ್ಷ, ನ್ಯಾಸ್ (ನೆಟ್‌ವರ್ಕಿಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ) ಡಿಸ್ಕಿಗೆ 3, ಸರ್ವರ್ ದರ್ಜೆಯದಕ್ಕೆ 5 ವರ್ಷ ವಾರಂಟಿ ಇರುತ್ತದೆ. ಎಷ್ಟೋ ಸಲ ಸರ್ವರ್ ದರ್ಜೆಯದೇ ಅಗ್ಗವಾಗಿ ಕಾಣುತ್ತದೆ. ಆದರೆ ಅದನ್ನು ಮೇಜಿನ ಕೆಳಗೆ ಇಟ್ಟುಕೊಂಡವರಿಗೆ ಗೊತ್ತು ಅದರ ಸದ್ದು.

ಬೆಲೆಯ ಆಸೆಗೆ ನಾನು ಒಮ್ಮೆ ಮೋಸ ಹೋಗಿದ್ದೇನೆ. ಎಸ್‌ಎಂಆರ್ ಅನ್ನುವ ಬಗೆಯ ಡಿಸ್ಕ್‌ಗಳಲ್ಲಿ ಡೇಟಾದ ಸಾಲುಗಳನ್ನು ಹೆಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಬರೆಯುತ್ತಾರೆ. ಜಾಗ ಉಳಿಯುತ್ತದೆ, ಡಿಸ್ಕ್ ಅಗ್ಗವಾಗುತ್ತದೆ. ಆದರೆ ನಡುವಿನ ಒಂದು ಹೆಂಚು ಬದಲಿಸಲು ಅದರ ಮೇಲಿನ ಸಾಲನ್ನೆಲ್ಲ ಎತ್ತಿ ಮತ್ತೆ ಹೊದಿಸಬೇಕಲ್ಲ, ಇದೂ ಹಾಗೇ. ನಾನು ತಂದ ಡಿಸ್ಕಿಗೆ ಫೈಲು ತುಂಬಿಸಲು ಹಚ್ಚಿದೆ. ಮೊದಲ ಅರ್ಧ ಗಂಟೆ ಕುದುರೆ ಓಟ. ಆಮೇಲೆ ಸೆಕೆಂಡಿಗೆ 20 ಮೆಗಾಬೈಟಿಗೆ ಇಳಿದು ಅಲ್ಲೇ ತೆವಳಿತು. ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ, ಅದರ ಗುಣವೇ ಅದು. ಇದನ್ನು ಪೆಟ್ಟಿಗೆಯ ಮೇಲೆ ಬರೆದಿರಲಿಲ್ಲ. 2020ರಲ್ಲಿ ಇದೇ ದೊಡ್ಡ ಗಲಾಟೆ ಆಯಿತು. ನ್ಯಾಸ್‌ಗೆಂದೇ ಮಾರುತ್ತಿದ್ದ, ವೆಸ್ಟರ್ನ್ ಡಿಜಿಟಲ್ ಕಂಪನಿಯ ಡಬ್ಲ್ಯೂಡಿ ರೆಡ್‌ನ ಕೆಲವು ಮಾಡೆಲ್‌ಗಳಲ್ಲಿ ಎಸ್‌ಎಂಆರ್ ಇದ್ದದ್ದು ಹೊರಬಿತ್ತು. ಆಮೇಲೆ ಕಂಪನಿ ಹಳೆಯ ಬಗೆಯ, ಸಾಲುಗಳು ಒಂದರ ಮೇಲೊಂದು ಬರದ, ಅಂದರೆ ಸಿಎಂಆರ್ ಡಿಸ್ಕ್‌ಗಳಿಗೆ ರೆಡ್ ಪ್ಲಸ್ ಅಂತ ಬೇರೆ ಹೆಸರಿಟ್ಟಿತು. ಸೀಗೇಟ್, ತೋಷಿಬಾ ಕೂಡ ತಮ್ಮ ಕೆಲವು ಡೆಸ್ಕ್‌ಟಾಪ್ ಮಾಡೆಲ್‌ಗಳಲ್ಲಿ ಎಸ್‌ಎಂಆರ್ ಇದೆ ಅಂತ ಒಪ್ಪಿಕೊಂಡವು. ವರ್ಷಕ್ಕೊಮ್ಮೆ ತುಂಬಿಸಿ ಎತ್ತಿಡುವ ಡಿಸ್ಕಿಗಾದರೆ ಎಸ್‌ಎಂಆರ್ ಪರವಾಗಿಲ್ಲ. ದಿನಾ ಬರೆಯುವುದಕ್ಕೆ ನನ್ನ ಮನೆಯಲ್ಲಿ ಅದಕ್ಕೆ ಜಾಗವಿಲ್ಲ.

ಈಗ ಸದ್ದು. ಇದು ನನ್ನ ಹೊಲ, ಆದ್ದರಿಂದ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ.

ಕಂಪನಿಗಳು ಕೊಡುವ ಡೆಸಿಬೆಲ್ ಅಂಕಿ ಇರುತ್ತದೆ. ಸುಮ್ಮನಿರುವಾಗ ನಿಧಾನದ ಡಿಸ್ಕ್‌ಗಳಿಗೆ 20ರಿಂದ 25ರ ಆಸುಪಾಸು, ನಿಮಿಷಕ್ಕೆ 7200 ಸುತ್ತಿನ ದೊಡ್ಡ ಡಿಸ್ಕ್‌ಗಳಿಗೆ 28ರಿಂದ 34ರ ಹತ್ತಿರ. ಕೆಲವರು ಬೆಲ್‌ನಲ್ಲಿ ಬರೆಯುತ್ತಾರೆ. 2.8 ಅಂತ ನೋಡಿ ಖುಷಿಪಡಬೇಡಿ, ಅದು 28 ಡೆಸಿಬೆಲ್. ಈ ಅಂಕಿಗಳಿಂದ ನನಗೆ ತೃಪ್ತಿಯಾಗಲಿಲ್ಲ. ರಾತ್ರಿ ಫ್ಯಾನೆಲ್ಲ ಆರಿಸಿ, ಡಿಸ್ಕಿನಿಂದ ಒಂದು ಗೇಣು ದೂರಕ್ಕೆ ಮೈಕ್ ಇಟ್ಟು, ಪ್ರತಿಯೊಂದನ್ನೂ ಮೈಕಿನ ದನಿ ಹಿಗ್ಗಿಸುವ ಮಟ್ಟ ಬದಲಿಸದೆ, ಒಂದೇ ಗೇನ್‌ನಲ್ಲಿ ರೆಕಾರ್ಡ್ ಮಾಡಿದೆ.

ನಿಮಿಷಕ್ಕೆ 7200 ಸುತ್ತು ಅಂದರೆ ಸೆಕೆಂಡಿಗೆ 120. ಆದ್ದರಿಂದ ಆ ಡಿಸ್ಕಿನ ಸದ್ದಿನ ಚಿತ್ರದಲ್ಲಿ 120 ಹರ್ಟ್ಸ್‌ನಲ್ಲಿ ಕಂಬದ ಹಾಗೆ ಒಂದು ಗೆರೆ ನಿಲ್ಲುತ್ತದೆ. 5400ರ ಡಿಸ್ಕಿಗೆ ಅದು 90ರಲ್ಲಿ. ನಾಲ್ಕು ಡಿಸ್ಕ್‌ಗಳ ಚಿತ್ರ ತೆಗೆದು ಪಕ್ಕಪಕ್ಕ ಇಟ್ಟೆ. ‘5400 ಕ್ಲಾಸ್’ ಅಂತ ಮಾರಿದ್ದ ಒಂದು ಡಿಸ್ಕಿನ ಗೆರೆ 120ರಲ್ಲಿ ನಿಂತಿತ್ತು! ಮತ್ತೆ ಅಳೆದೆ. ಅಲ್ಲೇ. ‘ಕ್ಲಾಸ್’ ಅನ್ನುವ ಆ ಒಂದು ಪದ ಸುಮ್ಮನೆ ಸೇರಿಸಿದ್ದಲ್ಲ ಅಂತ ಆಗ ತಿಳಿಯಿತು. ನಿಧಾನದ್ದು, ಸದ್ದಿಲ್ಲದ್ದು ಅಂತ ಹುಡುಕಿ ತಂದ ಡಿಸ್ಕ್ ಅದು.

ಸುತ್ತುವ ಸದ್ದು ಒಂದಾದರೆ ಹೆಡ್ ಓಡಾಡುವ ಸದ್ದು ಇನ್ನೊಂದು. ಸರ್ವರ್ ದರ್ಜೆಯದರಲ್ಲಿ ಹುರಿಗಾಳು ಕಡಿದ ಹಾಗೆ ಕಟಕಟ ಕೇಳುತ್ತದೆ. ಕೆಲವು ದೊಡ್ಡ ಡಿಸ್ಕ್‌ಗಳು ಏನೂ ಕೆಲಸ ಇಲ್ಲದಾಗಲೂ ಐದು ಸೆಕೆಂಡಿಗೊಮ್ಮೆ ‘ದುಪ್’ ಅನ್ನುತ್ತವೆ. ಹೆಡ್ ಒಂದೇ ಜಾಗದಲ್ಲಿ ನಿಂತು ಸವೆಸಬಾರದು ಅಂತ ಅದನ್ನು ಬೇಕೆಂದೇ ಸರಿಸುತ್ತಾರೆ. ಕೆಟ್ಟದ್ದಲ್ಲ. ಆದರೆ ಮಲಗುವ ಕೋಣೆಯಲ್ಲಿದ್ದರೆ ಮುಂದಿನ ದುಪ್‌ಗೆ ಕಾಯುತ್ತಾ ನಿದ್ದೆ ಹೋಗುತ್ತದೆ.

ಇದೆಲ್ಲಕ್ಕಿಂತ ನನಗೆ ಅಚ್ಚರಿ ತಂದದ್ದು ಡಿಸ್ಕ್ ಅಲ್ಲ, ಅದನ್ನು ಕೂರಿಸಿದ ಜಾಗ. ಒಂದೇ ಡಿಸ್ಕನ್ನು ದಪ್ಪ ಸ್ಪಂಜಿನ ಮೇಲಿಟ್ಟು ರೆಕಾರ್ಡ್ ಮಾಡಿದರೆ ಕಿವಿಗೆ ಸರಿಯಾಗಿ ಕೇಳಿಸುವುದೂ ಇಲ್ಲ. ತೆಳು ತಗಡಿನ ಕ್ಯಾಬಿನೆಟ್ಟಿಗೆ ಸ್ಕ್ರೂ ಬಿಗಿದರೆ ಇಡೀ ಕ್ಯಾಬಿನೆಟ್ ತಂಬೂರಿ. ಕಂಪನಿಗಳ ನಡುವೆ ನನಗೆ ಸಿಕ್ಕ ವ್ಯತ್ಯಾಸ ಇದರ ಮುಂದೆ ಏನೂ ಅಲ್ಲ. ಎರಡು ಡಿಸ್ಕ್ ಒಟ್ಟಿಗೆ ಹಾಕಿದಾಗ ಇನ್ನೊಂದು ಕಾಟ ಶುರುವಾಯಿತು. ಎರಡರ ವೇಗದಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇರುತ್ತದೆ. ಶ್ರುತಿ ಸ್ವಲ್ಪ ತಪ್ಪಿದ ಎರಡು ತಂತಿ ಮೀಟಿದ ಹಾಗೆ, ಗುಂಯ್ ಅನ್ನುವುದು ಏರಿ, ಇಳಿದು, ಮತ್ತೆ ಏರುತ್ತದೆ. ಒಂದೇ ಸಮ ಬರುವ ಸದ್ದನ್ನು ಕಿವಿ ಮರೆಯುತ್ತದೆ, ಇದನ್ನು ಮರೆಯುವುದಿಲ್ಲ. ಸ್ಕ್ರೂ ತೆಗೆದು, ರಬ್ಬರ್ ವಾಷರ್ ಹಾಕಿ, ಎರಡನ್ನೂ ಬೇರೆ ಬೇರೆ ಕಡೆ ಕೂರಿಸಿದ ಮೇಲೆ ತೊಂಬತ್ತು ಭಾಗ ಹೋಯಿತು. ಎಲಾಸ್ಟಿಕ್ ಕಟ್ಟಿ ತೂಗುಹಾಕಿಯೂ ನೋಡಿದೆ. ಸದ್ದು ಪೂರ್ತಿ ಹೋಯಿತು, ಶಾಖ 34 ಡಿಗ್ರಿಯಿಂದ 46ಕ್ಕೆ ಏರಿತು. ಬಿಚ್ಚಿದೆ.

ಹೊಸ ಡಿಸ್ಕ್ ಬಂದರೆ ಅದನ್ನು ನೇರ ಕೆಲಸಕ್ಕೆ ಹಚ್ಚುವುದಿಲ್ಲ. ಮೊದಲು ಪೂರ್ತಿ ಒಮ್ಮೆ ಬರೆದು ಓದಿಸುತ್ತೇನೆ. 4 ಟೆರಾಬೈಟಿಗೆ ಒಂದು ಸುತ್ತಿಗೆ ಏಳೆಂಟು ಗಂಟೆ ಹಿಡಿಯುತ್ತದೆ, ರಾತ್ರಿ ಹಚ್ಚಿ ಮಲಗುವುದು. ಆಮೇಲೆ ಸ್ಮಾರ್ಟ್ ಪಟ್ಟಿಯಲ್ಲಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕದಲ್ಲಿ, ಕೆಟ್ಟ ಜಾಗಗಳನ್ನು ಎಣಿಸುವ 5, 197, 198ನೇ ಸಾಲು ನೋಡುತ್ತೇನೆ. ಮೂರೂ ಸೊನ್ನೆ ಇರಬೇಕು. ಇಲ್ಲದಿದ್ದರೆ ಆ ದಿನವೇ ವಾಪಸ್. ಡೇಟಾ ಸಾಗುವಾಗಿನ ತಪ್ಪು ಎಣಿಸುವ 199 ಏರುತ್ತಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ. ಒಳ್ಳೆಯ ಡಿಸ್ಕೊಂದನ್ನು ಬೈದು ಹಿಂದಿರುಗಿಸಲು ಹೊರಟಿದ್ದೆ, ಕೇಬಲ್ ಬದಲಿಸಿದ ಮೇಲೆ ಅಂಕಿ ನಿಂತಲ್ಲೇ ನಿಂತಿತು. ಸೀಗೇಟ್ ಡಿಸ್ಕ್‌ಗಳಲ್ಲಿ 1 ಮತ್ತು 7ನೇ ಸಾಲಿನಲ್ಲಿ ಕೋಟಿಗಟ್ಟಲೆ ಅಂಕಿ ಕಂಡು ಎದೆ ಧಸಕ್ಕೆನ್ನುತ್ತದೆ. ಅದರಲ್ಲಿ ಒಟ್ಟು ಎಷ್ಟು ಸಲ ಓದಿತು, ಹೆಡ್ ಎಷ್ಟು ಸಲ ಓಡಾಡಿತು ಅನ್ನುವ ಲೆಕ್ಕವೂ ಸೇರಿರುತ್ತದೆ, ಹೆದರಬೇಕಿಲ್ಲ.

ಹಾಗಂತ ಸ್ಮಾರ್ಟ್ ಸರಿ ಇದೆ ಅಂತ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಗೂಗಲ್ 2007ರಲ್ಲಿ ತನ್ನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಲೆಕ್ಕ ಹೊರಗಿಟ್ಟಿತ್ತು. ಕೆಟ್ಟ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ, ಮುಖ್ಯವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ಕೊಡದೆ ಕೆಟ್ಟಿದ್ದವು. ನನ್ನ ಟಕ್ ಟಕ್ ಡಿಸ್ಕೂ ಅಷ್ಟೇ, ಹಿಂದಿನ ವಾರ ನೋಡಿದಾಗ ಎಲ್ಲ ಸೊನ್ನೆ ಇತ್ತು.

ಕೊನೆಗೆ ನಾನು ತಗೊಂಡಿದ್ದು ಎರಡು ಡಿಸ್ಕ್, ಎರಡು ಬೇರೆ ಕಂಪನಿಯವು, ಒಂದೇ ಅಳತೆಯವು. ಒಂದು ಕಂಪನಿಯ ಮೇಲಿನ ಪ್ರೀತಿಯಿಂದಲ್ಲ, ಒಂದೇ ಲಾಟಿನ ಎರಡು ಡಿಸ್ಕ್ ಒಂದೇ ಹೊತ್ತಿಗೆ ಮಲಗದಿರಲಿ ಅಂತ. ಎರಡೂ ಸಿಎಂಆರ್, ಎರಡಕ್ಕೂ 3 ವರ್ಷ ವಾರಂಟಿ. ಒಂದು ದುಬಾರಿ ಡಿಸ್ಕಿನ ಬದಲು ನಡುವಿನ ಬೆಲೆಯ ಎರಡು. ಮೂರನೆಯದು ಹಳೆಯ ಎಸ್‌ಎಂಆರ್ ಡಿಸ್ಕ್, ತಿಂಗಳಿಗೊಮ್ಮೆ ತುಂಬಿಸಿ ಬೇರೆ ಮನೆಯಲ್ಲಿ ಇಡುತ್ತೇನೆ. ಇಷ್ಟೆಲ್ಲ ಸದ್ದು ಅಳೆದು, ಆಮೇಲೆ ಮಾಡಿದ್ದೇನು ಗೊತ್ತಾ? ಎರಡು ಡಿಸ್ಕ್‌ಗಳನ್ನೂ ನ್ಯಾಸ್ ಪೆಟ್ಟಿಗೆಗೆ ಹಾಕಿ, ಉದ್ದದ ನೆಟ್‌ವರ್ಕ್ ಕೇಬಲ್ ಎಳೆದು, ಪೆಟ್ಟಿಗೆಯನ್ನೇ ಕೋಣೆಯಿಂದ ಆಚೆ ಇಟ್ಟೆ. ಮೊದಲ ದಿನವೇ ಹೊಳೆಯಬಹುದಿತ್ತು.

ಆ ರೆಕಾರ್ಡಿಂಗ್ ಚಟ ಮಾತ್ರ ಉಳಿದಿದೆ. ಡಿಸ್ಕ್ ಮನೆಗೆ ಬಂದ ದಿನ ಅದರ ಸದ್ದನ್ನು ಒಂದು ನಿಮಿಷ ಹಿಡಿದಿಡುತ್ತೇನೆ. ಆರು ತಿಂಗಳಿಗೊಮ್ಮೆ ಅದೇ ಜಾಗ, ಅದೇ ಮೈಕ್, ಅದೇ ಗೇನ್‌ನಲ್ಲಿ ಮತ್ತೆ ಹಿಡಿದು ಹೋಲಿಸಿ ನೋಡುತ್ತೇನೆ. ಈ ಫೈಲುಗಳನ್ನು ಮಾತ್ರ ಆಯಾ ಡಿಸ್ಕಿನಲ್ಲೇ ಇಡುವುದಿಲ್ಲ.